ಆರು ಗಂಟೆ ಬಸ್ಸಿನ ಇಪ್ಪತ್ತೆರಡು ಜನ

ನಾಗಶ್ರೀ ಮೇಡಂಗೆ,

ಬಸ್ಸಿನ ವಾಟ್ಸಾಪ್ ಗ್ರೂಪಲ್ಲಿ ಹಾಕಿದರೆ ಐದೇ ನಿಮಿಷಕ್ಕೆ ಮೇಲೆ ಹೋಗಿಬಿಡುತ್ತೆ. ಅದಕ್ಕೇ ಕಾಗದ. ನಾನು ಮೀನಾ, ಕಾಮಗೆರೆ ಪಕ್ಕದ ಹಳ್ಳಿಯವಳು. ನಿಮ್ಮ ಪ್ರತಿ ನಕ್ಷೆಗೂ ಮೊದಲು ಹಾರ್ಟ್ ಹಾಕುವವಳು.

ಸಾವಿರಾರು ಮೊಬೈಲ್ ಎಲ್ಲಿಂದ ಎಲ್ಲಿಗೆ ಓಡಾಡುತ್ತವೆ ಅಂತ ನೋಡಿ, ಬಸ್ಸು ಎಲ್ಲಿಗೆ ಬೇಕು ಅಂತ ನೀವು ಬಸ್ಸಿನ ಆಫೀಸಿಗೆ ಹೇಳುತ್ತಿದ್ದಿರಿ. ಹನೂರಿನಿಂದ ಕಾಮಗೆರೆ ಆಸ್ಪತ್ರೆಗೆ ಹತ್ತು ಗಂಟೆಯ ಬಸ್ಸು ಬಂದಿದ್ದೇ ನಿಮ್ಮಿಂದ. ಬಸುರಿಯರಿಗೆ ಈಗ ಸೀಟು ಸಿಗುತ್ತೆ. ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಆಮೇಲೆ ಒಂದು ಬೆಳಿಗ್ಗೆ ನೀವು ನನ್ನನ್ನೇ ಕೇಳಿದಿರಿ: "ಮೀನಾ, ನಿಮ್ಮೂರಿನ ಆರು ಗಂಟೆ ಬಸ್ಸಲ್ಲಿ ಎರಡೇ ಫೋನ್ ಕಾಣಿಸ್ತಿವೆ. ಖಾಲಿ ಓಡ್ತಿದೆ ಅಲ್ವಾ?" ನನ್ನ ಹೆಸರು ಹಿಡಿದು ಕೇಳಿದ್ದಿರಿ. ಹಾಸಿಗೆಯಲ್ಲೇ ಹೌದು ಅಂತ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ. ಒತ್ತಿದ್ದು ಅವ್ವನ ಫೋನಲ್ಲಿ. ಅವ್ವ ಆಗ ಅದೇ ಬಸ್ಸಲ್ಲಿದ್ದಳು.

ಮಧುವನಹಳ್ಳಿಗೆ ಕಳೆ ಕೀಳಲು ಹೋಗುವ ನಮ್ಮೂರ ಹೆಂಗಸರು ಫೋನನ್ನು ಮಕ್ಕಳ ತಲೆದಿಂಬಿನ ಹತ್ತಿರ ಇಟ್ಟು ಹೋಗುತ್ತಾರೆ. ಇಸ್ಕೂಲಿಗೆ ಏಳಲು ಅಲಾರಂ ಬೇಕಲ್ಲ. ನಿಮಗೆ ಕಂಡ ಎರಡು ಫೋನ್ ಡ್ರೈವರ್, ಕಂಡಕ್ಟರದ್ದು. ಕಾಣದವರು ಇಪ್ಪತ್ತೆರಡು ಜನ. ನನಗೆ ಗೊತ್ತಿತ್ತು ಮೇಡಂ. ಆಗ ನೆನಪಾಗಲಿಲ್ಲ.

ಆ ಹೆಬ್ಬೆರಳಿನ ಮೇಲೆ ಬಸ್ಸು ನಿಂತು ಎರಡು ತಿಂಗಳು. ಅಳು ಬರಲಿಲ್ಲ. ಊಟ ಮಾಡಿದೆ, ನಿಮ್ಮ ಹೊಸ ನಕ್ಷೆ ನೋಡಿದೆ, ಏನೂ ಅನಿಸಲಿಲ್ಲ.

ಈಗ ಅವರು ಐದಕ್ಕೇ ಬಸ್‌ಸ್ಟಾಪಲ್ಲಿ ಸೇರಿ, ಬೇರೆ ಬಸ್ಸು ಹಿಡಿಯಲು ಕಾಮಗೆರೆವರೆಗೆ ನಡೆಯುತ್ತಾರೆ. ನಿನ್ನೆ ನೋಟ್‌ಬುಕ್ ಹಿಡಿದು ಅಲ್ಲಿ ನಿಂತೆ. ಕೆಂಪಾಜಮ್ಮ, "ಏನ್ ಕೂಸು, ರೇಷನ್ ಕಾರ್ಡಾ? ನಂಗೆ ಅದ್ನಾರು ವರ್ಸ ಅಂತ ಬರ್ಕೊ" ಅಂದಳು. ಎಲ್ಲರೂ ನಕ್ಕರು. ನಡೆದದ್ದು ಹೇಳಿದೆ. ನಗು ನಿಂತಿತು.

"ಅಲ್ಲ ಕಣವ್ವಾ, ನಮ್ಮುನ್ನ ನೋಡಕ್ಕೆ ಫೋನ್ ಯಾಕ್ ಬೇಕಿತ್ತು?" ಅಂದಳು ಪುಟ್ಟಮಲ್ಲಮ್ಮ. "ಎದ್ದು ಬಾಗ್ಲಿಗ್ ಬಂದಿದ್ರೆ ಕಾಣ್ತಿರ್ನಿಲ್ವಾ?"

ಅವ್ವ ಅಲ್ಲಿಗೆ ಬಂದಿರಲಿಲ್ಲ. ಮನೆಗೆ ಬಂದು ಅವಳಿಗೂ ಹೇಳಿದೆ. ಬೈಯಲಿಲ್ಲ. ಒಲೆ ಮುಂದಿನಿಂದ ತಿರುಗಲೂ ಇಲ್ಲ. "ನನ್ನೆಸ್ರು ಬುಟ್ಬುಡು. ದಿನಾ ತಡ ಮಾಡ್ತೀಯ ಅಂತ ಹೊಲ್ದವ್ರು ನನ್ ಜಾಗಕ್ಕೆ ಬ್ಯಾರೆಯವ್ರ್ನ ಕರ್ಕಂಡವ್ರೆ."

ಖಾಲಿ ಅಂದದ್ದು ನಾನು ಅಂತ ಆಫೀಸಿನವರಿಗೆ ಹೇಳಿ ಮೇಡಂ, ಬಸ್ಸು ವಾಪಸ್ ಕೇಳಿ. ಪಟ್ಟಿ ಇದರ ಜೊತೆಗಿದೆ. ಇಪ್ಪತ್ತೊಂದು ಹೆಸರು, ಇಪ್ಪತ್ತೊಂದು ಸಹಿ. ಅವ್ವನದು ಇಲ್ಲ.

ಮಾದಪ್ಪ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ,
ಶಿವನಂಜಮ್ಮನ ಮಗಳು ಮೀನಾ