ಉದ್ದ ಕ್ಯೂ ಇರುವ ಗೇಟು

ಆಗಸ್ಟ್ ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನಗೆ ಮೂಗಿನ ತುದಿಯಲ್ಲಿ ಕೋಪ ಕೂತಿರುತ್ತದೆ ಎಂದು ಗೊತ್ತು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಒಂದು ಸಲ ಬರೆಯಲು ಕೂತೆ. "ನಾವಿಬ್ಬರೂ ಚೆನ್ನಾಗಿದ್ದೇವೆ" ಎಂದು ಬರೆದ ಮೇಲೆ ಪೆನ್ನು ಮುಂದಕ್ಕೆ ಓಡಲಿಲ್ಲ, ಹರಿದು ಹಾಕಿದೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಈ ಮನೆಯಲ್ಲಿ ಈಗ ಚಮಚ ಬಿದ್ದರೂ ಆಚೆ ಕೋಣೆಗೆ ಕೇಳುತ್ತದೆ ಕಣೆ, ಫೋನಿನಲ್ಲಿ ಏನು ಹೇಳಲಿ? ನಿನ್ನ ಸೊಂಟ ಹೇಗಿದೆ? ಡಾಕ್ಟರ್ ಕೊಟ್ಟ ಬೆಲ್ಟ್ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲಾ ಅದು ಬೀರುವಿನಲ್ಲಿ ನಿದ್ದೆ ಮಾಡುತ್ತಿದೆಯೋ?

ಮೊದಲು ನೀನು ಕೇಳಿದ ವಿಷಯ. ನಿನ್ನ ಮಗ ಕೆಲಸ ಬಿಟ್ಟು, ಎರಡು ಲಾರಿ ತೆಗೆದುಕೊಂಡು, ನಮ್ಮ ಹಾಗೆ ಹತ್ತಿರದ ಸಾಗಣೆ ಶುರು ಮಾಡಬೇಕೆಂದಿದ್ದಾನೆ. "ದೊಡ್ಡಮ್ಮ ಇಷ್ಟು ವರ್ಷ ನಡೆಸಿ ಈಗ ಮಾರಿಬಿಟ್ಟಿದ್ದಾರೆ ಅಂದ್ರೆ ಏನೋ ಇರ್ಬೇಕು, ಕೇಳಿ ನೋಡಮ್ಮ" ಎಂದನಂತೆ. ಜಾಣ, ನಿನ್ನ ಹಾಗಲ್ಲ. ಅವನಿಗೆ ಹೇಳು, ಧೈರ್ಯವಾಗಿ ತೆಗೆದುಕೊಳ್ಳಲಿ.

ಯಾಕೆ ಅಂದರೆ, ಜನ ಈಗ ಅಂಗಡಿಗೆ ಹೋಗುವುದಿಲ್ಲ, ಅಂಗಡಿಯೇ ಮನೆ ಬಾಗಿಲಿಗೆ ಬರಬೇಕು. ಅದಕ್ಕೆಂದೇ ಊರಿನ ಸುತ್ತ ಒಂದರ ಪಕ್ಕ ಒಂದು ಗೋಡೌನುಗಳು ಎದ್ದಿವೆ. ದೂರದಿಂದ ಬರುವ ದೊಡ್ಡ ಗಾಡಿಗಳು ಅಲ್ಲಿ ಸರಕು ಇಳಿಸಿ ಹೊರಟುಹೋಗುತ್ತವೆ. ಅಲ್ಲಿಂದ ಅಂಗಡಿಗೆ, ಕಾರ್ಖಾನೆಗೆ, ಇನ್ನೊಂದು ಗೋಡೌನಿಗೆ ಒಯ್ಯಲು ನಮ್ಮಂಥವರೇ ಬೇಕು. ಈ ಕೆಲಸ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಬ್ಯಾಟರಿ ಲಾರಿ ಬಂದರೂ ಮೊದಲು ಒಗ್ಗುವುದು ನಮ್ಮ ಕೆಲಸಕ್ಕೇ, ಹಗಲೆಲ್ಲ ಓಡಿ ರಾತ್ರಿ ಶೆಡ್ಡಿನಲ್ಲಿ ಚಾರ್ಜಿಗೆ ನಿಲ್ಲಬಹುದು. ಡ್ರೈವರುಗಳೂ ಸಿಗುತ್ತಾರೆ. ನಮ್ಮ ಮೀಸೆ ಡ್ರೈವರ್ ಹೆಚ್ಚು ಸಂಬಳದ ದೂರದ ಗಾಡಿ ಬಿಟ್ಟು ನಮ್ಮಲ್ಲಿಗೆ ಬಂದಾಗ ಯಾಕಪ್ಪಾ ಎಂದು ಕೇಳಿದ್ದೆ. "ಅಕ್ಕಾ, ನನ್ನ ಮಗಳು ನನ್ನನ್ನ ನೋಡಿ ಯಾರೋ ಬಂದ್ರು ಅಂತ ಒಳಗೆ ಓಡಿಹೋದ್ಲು. ಸಂಜೆಗೆ ಮನೆ ಸೇರೋ ಕೆಲಸ ಕೊಡಿ ಸಾಕು" ಎಂದ. ಸಂಜೆಗೆ ಮನೆ ಎಂಬುದೇ ನಮ್ಮ ದಂಧೆಯ ಬಂಡವಾಳ.

ಹಾಗಂತ ಎಲ್ಲ ಸಲೀಸು ಎಂದುಕೊಳ್ಳಬಾರದು. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿ ಕೂತರೆ ಅವನು ಬಾಡಿಗೆ ಇಳಿಸಿದಾಗ ಹೂಂ ಎಂದು ತಲೆ ಅಲ್ಲಾಡಿಸಬೇಕಾಗುತ್ತದೆ. ಖಾಲಿ ಗಾಡಿ ವಾಪಸ್ ಬಂದರೆ ಅದರ ಡೀಸೆಲ್ ಯಾರೂ ಕೊಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಕೈ ಸುಡುವುದು ಗೋಡೌನಿನ ಗೇಟಿನಲ್ಲಿ. ಹತ್ತಿರದ ಸಾಗಣೆಯಲ್ಲಿ ರಸ್ತೆ ಕಡಿಮೆ, ಕಾಯುವುದು ಜಾಸ್ತಿ. ಗೋಡೌನಿನ ಹೊರಗೆ ಕ್ಯೂನಲ್ಲಿ ನಿಂತ ಗಾಡಿ ಬರೀ ನಿಂತಿರುವುದಿಲ್ಲ, ಆ ದಿನದ ಇನ್ನೊಂದು ಟ್ರಿಪ್ಪನ್ನು ನುಂಗುತ್ತಿರುತ್ತದೆ. ಕಾಯಿಸಿದರೆ ಅದಕ್ಕೂ ಬಾಡಿಗೆ ಎಂದು ಮೊದಲೇ ಬರೆಸಿಕೊಳ್ಳಲಿ. ಕೇಳಲು ನಾಚಿಕೊಂಡನೋ, ಕೆಟ್ಟ.

ಆಫೀಸು ಸೊಸೆ ನೋಡಿಕೊಳ್ಳುತ್ತಾಳೆ, ಒಂದು ಸಂಬಳ ಉಳಿಯುತ್ತದೆ ಎಂದೂ ಬರೆದಿದ್ದೀಯ. ಅದರ ಮಾತು ಆಮೇಲೆ.

ಇಷ್ಟು ಚೆನ್ನಾಗಿದ್ದರೆ ನೀನು ಯಾಕೆ ಮಾರಿದೆ ಎಂದು ನಿನ್ನ ಬಾಯಿ ಈಗಾಗಲೇ ತೆರೆದಿದೆ. ಎಲ್ಲರಿಗೂ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ನಿನ್ನ ಭಾವನ ಮಂಡಿ ಸವೆದಿದೆ, ಕ್ಲಚ್ ಒತ್ತುವಾಗ ಹಲ್ಲು ಕಚ್ಚುತ್ತಿದ್ದರು. ನನಗೂ ಕನ್ನಡಕ ಬದಲಾಯಿಸಿ ಬದಲಾಯಿಸಿ ಸಾಕಾಯಿತು. ಕೊಳ್ಳಲು ಬಂದ ಕಂಪನಿ ಡ್ರೈವರುಗಳನ್ನೆಲ್ಲ ಉಳಿಸಿಕೊಳ್ಳುತ್ತೇವೆ ಎಂದಿತು, ಉಳಿಸಿಕೊಂಡಿತು.

ಬೀಗದ ಕೈ ಕೊಟ್ಟ ದಿನ ಅವರ ಮ್ಯಾನೇಜರ್ ಆಫೀಸಿನಲ್ಲಿ ನನ್ನ ಮೇಜಿನ ಮೇಲಿದ್ದ, ಗಾಡಿಗಳ ಜೊತೆ ಮಾತಾಡುವ ವೈರ್‌ಲೆಸ್ ಸೆಟ್ ನೋಡಿ, ಅಜ್ಜನ ಕಾಲದ ಗ್ರಾಮಫೋನ್ ಕಂಡವನ ಹಾಗೆ ನಕ್ಕ. "ಇದು ಇನ್ನೂ ಕೆಲಸ ಮಾಡುತ್ತಾ ಮೇಡಂ? ನಮ್ಮಲ್ಲಿ ಎಲ್ಲಾ ಫೋನಿಗೇ ಬಂದುಬಿಡುತ್ತೆ. ಎಲ್ಲಿಗೆ ಹೋಗ್ಬೇಕು, ಯಾವ ಗೇಟು, ಎಲ್ಲಾ. ಯಾರೂ ಯಾರ ಜೊತೇನೂ ಮಾತಾಡೋದೇ ಬೇಕಾಗಲ್ಲ" ಎಂದ. ವೈರು ಕಿತ್ತು, ಸೆಟ್ಟನ್ನು ಹಳೆಯ ಟಯರುಗಳ ಪಕ್ಕ ಇಡಿಸಿದ. ನಾನು ಚೀಲ ತೆಗೆದುಕೊಂಡು ಹೊರಗೆ ಬಂದೆ. ನಿನ್ನ ಭಾವ ತಾವು ಓಡಿಸುತ್ತಿದ್ದ ನಾಲ್ಕನೇ ಗಾಡಿಯ ಸೀಟು ಒರೆಸುತ್ತಿದ್ದರು, ಮಾರಿದ ಗಾಡಿಯ ಸೀಟನ್ನು.

ಸಂಜೆ

ಕಾಫಿಗೆ ಎದ್ದಿದ್ದೆ. ಈಗ ನಿನಗೆ ಯಾವತ್ತೂ ಹೇಳದ ಒಂದು ವಿಷಯ ಹೇಳುತ್ತೇನೆ, ನಗಬೇಡ.

ನಿನ್ನ ಭಾವ ಮಾತುಗಾರರಲ್ಲ ಎಂದು ಎಲ್ಲರೂ ಹೇಳುತ್ತೀರಿ. ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದ್ದಾರೆ ಎಂದು ಮದುವೆಯಲ್ಲಿ ನೀನೇ ಹೇಳಿದ್ದೆ. ಆದರೆ ನಾನು ಮದುವೆಯಾದ ಮನುಷ್ಯ ಬಹಳ ಮಾತಾಡುತ್ತಿದ್ದರು, ವೈರ್‌ಲೆಸ್‌ನಲ್ಲಿ. ಒಂದನೇ ಚಾನೆಲ್ ಎಲ್ಲ ಗಾಡಿಗಳಿಗೆ. ಮೂರನೆಯದನ್ನು ಯಾರೂ ಬಳಸುತ್ತಿರಲಿಲ್ಲ, ಅದು ನಮ್ಮದು. ಯಾವುದೋ ಗೇಟಿನ ಕ್ಯೂನಲ್ಲಿ ನಿಂತು, "ಆಫೀಸ್, ಮೂರಕ್ಕೆ ಬಾ" ಎನ್ನುತ್ತಿದ್ದರು. ನಾನು ಗುಂಡಿ ತಿರುಗಿಸುತ್ತಿದ್ದೆ. ಮುಂದಿನ ಲಾರಿಯವನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ್ದು, ಅವರಮ್ಮ ಚಿಕ್ಕಂದಿನಲ್ಲಿ ಹೊಡೆದದ್ದು, ಹಿಂದಿನ ರಾತ್ರಿಯ ಕನಸು, ಎಲ್ಲ ಹೇಳುತ್ತಿದ್ದರು. ಅದರಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಲೇಬೇಕು, ನಡುವೆ ಬಾಯಿ ಹಾಕಲು ಬರುವುದಿಲ್ಲ. ನನ್ನಂಥವಳಿಗೆ ಅದು ಒಳ್ಳೆಯದೇ ಆಯಿತು.

ಇನ್ನು ನಮಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರ್ ಹೇಳಿದ ದಿನ ನಾನು ಆಸ್ಪತ್ರೆಯಿಂದ ನೇರ ಆಫೀಸಿಗೆ ಬಂದು ಅದನ್ನು ಹೇಳಿದ್ದೂ ಮೂರನೇ ಚಾನೆಲ್‌ನಲ್ಲೇ. ಆಮೇಲೆ, "ಗಾಡಿ ಸೈಡಿಗೆ ಹಾಕಿದ್ದೀನಿ. ಈಗ ಹೇಳು, ಅಳಬೇಕಾದ್ರೆ ಅಳು, ನಾನು ಇಲ್ಲೇ ಇದ್ದೀನಿ" ಎಂದರು. ಆ ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಊಟ ಮಾಡಿ, ಟೀವಿ ಹಾಕಿಕೊಂಡು ಕೂತರು. ನನ್ನ ಕಡೆ ತಿರುಗಲಿಲ್ಲ.

ಅದಕ್ಕೇ ನಾನು ಒಂದು ಕಳ್ಳಾಟ ಆಡುತ್ತಿದ್ದೆ. ಯಾವ ಗಾಡಿ ಎಲ್ಲಿಗೆ ಎಂದು ಹೇಳುವವಳು ನಾನೇ ತಾನೆ? ಎಲ್ಲಿ ಕ್ಯೂ ಉದ್ದವೋ ಆ ಗೇಟಿಗೆ ನಾಲ್ಕನೇ ಗಾಡಿಯನ್ನು ಕಳಿಸುತ್ತಿದ್ದೆ. "ಊರಲ್ಲಿರೋ ಕೆಟ್ಟ ಗೇಟೆಲ್ಲಾ ನನಗೇ ಬೀಳುತ್ತಲ್ಲೇ, ಏನು ಹಣೆಬರಹ ನಂದು!" ಎಂದು ಗೊಣಗುತ್ತಿದ್ದರು. "ಹೂಂ, ಮೂರಕ್ಕೆ ಬನ್ನಿ" ಎನ್ನುತ್ತಿದ್ದೆ ನಾನು. ದಂಧೆಗೆ ಅದು ನಷ್ಟವೇ, ನಿನ್ನ ಮಗ ಹಾಗೆ ಮಾಡಬಾರದು. ನಾನು ಮಾತ್ರ ಆ ನಷ್ಟದ ಮೇಲೆಯೇ ಇಷ್ಟು ವರ್ಷ ಬದುಕಿದೆ ಗುಬ್ಬಿ.

ಈಗ ಇಬ್ಬರೂ ಇಡೀ ದಿನ ಮನೆಯಲ್ಲಿ. ಅವರು ಕಿಟಕಿಯ ಪಕ್ಕ, ನಾನು ಇಲ್ಲಿ ಊಟದ ಮೇಜಿನ ಹತ್ತಿರ. "ಏನ್ರೀ ಯೋಚನೆ?" ಎಂದರೆ "ಏನಿಲ್ಲ" ಎನ್ನುತ್ತಾರೆ. ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುವ ಸದ್ದಾದರೆ ಮಾತ್ರ ಕತ್ತು ಎತ್ತುತ್ತಾರೆ. ಮೊನ್ನೆ ನಾನು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದೆ. ಇದ್ದಕ್ಕಿದ್ದಂತೆ ಆಚೆ ಕೋಣೆಯಿಂದ, "ಮೀಸೆಗೆ ಇನ್ನೂ ರಿವರ್ಸ್ ತಗೊಳ್ಳೋಕೆ ಬರಲ್ಲ, ಗೊತ್ತಾ? ಒಂದ್ಸಲ ಏನಾಯ್ತು ಅಂದ್ರೆ" ಎಂದು ಶುರು ಮಾಡಿದರು. ಅದೇ ದನಿ! ನಾನು ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆಯುತ್ತಾ ನಿಂತೆ. ಮಾತಾಡುವಾಗ ಆ ಮುಖ ಹೇಗಿರುತ್ತದೆ ಎಂದು ನೋಡುವ ಆಸೆ ತಡೆಯಲಾಗಲಿಲ್ಲ. ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದೆ. ನನ್ನನ್ನು ನೋಡಿದರು, ಮಾತು ನಿಂತಿತು. "ಏನಾಯ್ತು ಆಮೇಲೆ?" ಎಂದೆ. "ಏನಿಲ್ಲ ಬಿಡು" ಎಂದರು.

ತುಂಬಾ ಒಂಟಿ ಅನ್ನಿಸುತ್ತದೆ. ಆಫೀಸಿನಲ್ಲಿ ಒಬ್ಬಳೇ ಇದ್ದಾಗ ಹೀಗೆ ಅನ್ನಿಸಿರಲಿಲ್ಲ.

ಸಾಕು, ನಿನ್ನ ತಲೆ ತಿಂದೆ. ಸೊಂಟ ಹುಷಾರು, ಬಕೆಟ್ ಎತ್ತಬೇಡ. ನಿನ್ನ ಮಗನಿಗೂ ಸೊಸೆಗೂ ಈ ದೊಡ್ಡಮ್ಮನ ಆಶೀರ್ವಾದ. ಹೊಸ ಗಾಡಿಗಳಿಗೆ ಗೀರೂ ಬೀಳದಿರಲಿ, ಓಡಿಸುವವರು ದಿನಾ ನಗುತ್ತಾ ಮನೆ ಸೇರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮಂಡಿಗೂ ಮಾರಿದ್ದಕ್ಕೂ ಸಂಬಂಧವಿಲ್ಲ. ವೈರ್‌ಲೆಸ್ ಇಲ್ಲದೇ ಹೋದರೆ ಅವರು ನನ್ನ ಜೊತೆ ಮಾತಾಡುತ್ತಾರೇನೋ, ಆ ದನಿಯನ್ನು ಮುಖದ ಜೊತೆ ನೋಡುತ್ತೇನೇನೋ ಎಂದುಕೊಂಡು ಮಾರಿದೆ. ಅವರು ಒಪ್ಪುತ್ತಿರಲಿಲ್ಲ, ಆ ಗಾಡಿಯೆಂದರೆ ಪ್ರಾಣ. ಹಾಗಾಗಿ ಸುಳ್ಳು ಹೇಳಿದೆ. ದಂಧೆ ಬೀಳುತ್ತಿದೆ, ದೊಡ್ಡ ಕಂಪನಿಗಳು ನಮ್ಮನ್ನು ನುಂಗುತ್ತವೆ ಎಂದೆ. "ನೀನು ಹೇಳಿದ ಮೇಲೆ ಮುಗೀತು" ಎಂದು ಸಹಿ ಹಾಕಿದರು. ಈಗಲೂ ದಿನಾ ಬೆಳಗ್ಗೆ ಕಾಫಿ ಕುಡಿಯುವಾಗ, "ಉಳಿದವರ ದಂಧೆ ಹೇಗಿದೆಯಂತೆ?" ಎಂದು ಕೇಳುತ್ತಾರೆ. "ಬಿದ್ದುಹೋಗಿದೆಯಂತೆ" ಎನ್ನುತ್ತೇನೆ. "ಸರಿಯಾದ ಟೈಮಲ್ಲಿ ಬಿಟ್ವಿ ಬಿಡು" ಎನ್ನುತ್ತಾರೆ. ಇಡೀ ದಿನದಲ್ಲಿ ಅವರು ನನ್ನ ಮುಖ ನೋಡಿ ಮಾತಾಡುವುದು ಅದೊಂದೇ ಮಾತು, ಆ ಮಾತಿಗೇ ನಾನು ಸುಳ್ಳು ಹೇಳಬೇಕು.

ನಿನ್ನ ಮಗನಿಗೂ ಅದೇ ಸುಳ್ಳು ಬರೆದುಬಿಡೋಣ ಎಂದು ನೋಡಿದೆ, ಉತ್ತರ ತಡವಾದದ್ದು ಅದಕ್ಕೇ. ಅವನ ಗಾಡಿ ಓಡಿದರೆ ನಿನ್ನ ಭಾವನಿಗೆ ಎಲ್ಲ ತಿಳಿಯುತ್ತದೆ. ತಿಳಿಯಲಿ, ಅವನ ಗಾಡಿ ಓಡಲಿ. ಆದರೆ ಆಫೀಸಿಗೆ ಬೇರೆ ಯಾರನ್ನಾದರೂ ಸಂಬಳ ಕೊಟ್ಟು ಕೂರಿಸಲು ಹೇಳು. ಅವರಿಬ್ಬರ ಮಾತು ಮನೆಗೆ ಉಳಿಯಲಿ, ಸೊಸೆಯನ್ನು ಅಲ್ಲಿ ಕೂರಿಸಬೇಡ.