ಅತ್ತವರನ್ನು ಲೆಕ್ಕದಿಂದ ತೆಗೆದ ಅಧ್ಯಕ್ಷರಿಗೆ

ಸಂಶೋಧನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ರಕ್ತದೊತ್ತಡ ಅಳೆಯುವಾಗ ಅತ್ತವರನ್ನೆಲ್ಲ ನನ್ನ ಪಿಎಚ್.ಡಿ. ಅಧ್ಯಯನದಿಂದ ಕೈಬಿಡಬೇಕೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಅಳುವವರ ಒತ್ತಡ ಏರಿರುತ್ತದೆ, ಹಾಗಾಗಿ ಆ ಅಂಕಿ ಅಶುದ್ಧ ಎಂಬುದು ತಮ್ಮ ಘನ ವಾದ. ರಕ್ತದೊತ್ತಡದ ಮಾತ್ರೆ ನುಂಗುವವರ ಮನಸ್ಸು ಹೇಗಿದೆ ಎಂಬುದೇ ನನ್ನ ವಿಷಯವೆಂದು ತಮಗೆ ಯಾರಾದರೂ ತಿಳಿಸಿದ್ದಾರೆಯೇ? ಶೀರ್ಷಿಕೆಯ ಕೆಳಗೆ ಸಹಿ ಹಾಕಿದವರು ತಾವೇ, ಹಾಗಾಗಿ ಓದಿರಲಿಕ್ಕಿಲ್ಲ.

ಕೂತು ಸುಧಾರಿಸಿಕೊಂಡ ಮೇಲೆಯೇ ಅಳೆಯಬೇಕೆಂಬ ನಿಯಮ ನನಗೂ ಗೊತ್ತು. ಅತ್ತವರನ್ನು ಇನ್ನೊಂದು ದಿನ ಕರೆಸಿ ಮತ್ತೆ ಅಳೆಯುತ್ತೇನೆಂದೆ. ಅಂಥವರು ಅಧ್ಯಯನದ ಶಿಸ್ತು ಕೆಡಿಸುತ್ತಾರೆ ಎಂದಿರಿ. ಅಳುವವರನ್ನು ಹೊರಗಟ್ಟಿ, ಉಳಿದವರೆಲ್ಲ ನೆಮ್ಮದಿಯಾಗಿದ್ದಾರೆಂದು ಸಾರುವುದಕ್ಕೆ ಸಂಶೋಧನೆ ಯಾಕೆ ಬೇಕು ಸ್ವಾಮಿ? ಬಾಗಿಲಲ್ಲಿ ಒಬ್ಬ ಕಾವಲುಗಾರ ಸಾಕು.

ಹೀಗೆ ಹೊರಬಿದ್ದವರಲ್ಲಿ ಒಬ್ಬರು ದರ್ಜಿ. ತಮಾಷೆ ಮಾಡುತ್ತಲೇ ಗಿರಾಕಿಗಳ ಅಳತೆ ತೆಗೆಯುತ್ತಿದ್ದ ಮನುಷ್ಯ. ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯಲ್ಲಿ ನಾನು ತೋಳಿಗೆ ಪಟ್ಟಿ ಸುತ್ತುತ್ತಿದ್ದಾಗ ಅವರ ಕಣ್ಣು ತುಂಬಿತು. "ತಲೆಸುತ್ತು ನಿಂತಿದೆಯಮ್ಮ. ಆದ್ರೆ ಮೊಮ್ಮಗಳು ಓಡಿಬಂದು ತೊಡೆ ಏರಿದ್ರೂ ನಂಗೆ ಏನೂ ಅನ್ಸಲ್ಲ," ಎಂದರು. ಇದು ಮಾತ್ರೆಯ ಕೆಲಸವೋ, ವಯಸ್ಸಿನದೋ, ಬೇರಾವುದೋ ದುಃಖದ್ದೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಅಧ್ಯಯನ ಮಾಡುತ್ತಾರೆ. ಎಲ್ಲ ಬಲ್ಲ ತಮಗೆ ಆ ಪೀಕಲಾಟವಿಲ್ಲ.

ತಮ್ಮ ಅಪ್ಪಣೆಯಂತೆ, ಇನ್ನು ಬರಬೇಕಾಗಿಲ್ಲವೆಂದು ನಾನೇ ಅವರಿಗೆ ಫೋನ್ ಮಾಡಿ ಹೇಳಿದೆ. ಹೇಳುವಾಗ ನಾಚಿಕೆಯಿಂದ ಹಿಡಿಯಾದೆ. ನಿನ್ನೆ ಅವರ ಹೆಂಡತಿ ಕರೆ ಮಾಡಿದ್ದರು. "'ನನ್ನ ಮಾತು ಅವರಿಗೆ ಬೇಡ ಅಂದ್ಮೇಲೆ ಅವರ ಮಾತ್ರೆನೂ ನಂಗೆ ಬೇಡ' ಅಂತ ಇವ್ರು ನುಂಗೋದೇ ಬಿಟ್ಬಿಟ್ಟಿದ್ದಾರೆ. ಮತ್ತೆ ತಲೆ ಸುತ್ತೋಕೆ ಶುರುವಾಗಿದೆ. ಏನ್ ಮಾಡ್ಲಿ ಹೇಳಿ," ಎಂದರು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ವೈದ್ಯರನ್ನು ಕಂಡರೆ ಬೇರೆಯದು ಕೊಡಬಹುದು ಎಂದು ಅಂಗಲಾಚಿದೆ. ಹೆಂಡತಿ ಫೋನ್ ಕೈಗೆ ಕೊಟ್ಟರೂ ದರ್ಜಿ ತೆಗೆದುಕೊಳ್ಳಲಿಲ್ಲ. ಬೇಡವೆಂದು ಕಳಿಸಿದವಳ ಮಾತನ್ನು ಯಾಕೆ ಕೇಳುತ್ತಾರೆ?

ಅತ್ತವರ ಹೆಸರನ್ನು ಇನ್ನು ನಾನಂತೂ ನನ್ನ ಪ್ರಬಂಧದಿಂದ ತೆಗೆಯುವುದಿಲ್ಲ. ಪದವಿ ಕೊಡುವುದು ಬಿಡುವುದು ತಮ್ಮ ಚಿತ್ತ. ನನ್ನ ಬೇಡಿಕೆ ಬೇರೆ. ತಾವು ಇವತ್ತೇ ಕುರ್ಚಿ ಬಿಟ್ಟೆದ್ದು ಆ ದರ್ಜಿಯ ಮನೆಗೆ ಹೋಗಬೇಕು. ಅವರನ್ನು ಹೊರಗಟ್ಟಿದ್ದು ತಾವೆಂದು ಒಪ್ಪಿಕೊಂಡು, ಅವರ ಮಾತು ಪೂರ್ತಿ ಕೇಳಿ, ವೈದ್ಯರ ಬಳಿಗೆ ಕರೆದೊಯ್ಯಬೇಕು. ತಡಮಾಡಿದರೂ ತಮಗೇನೂ ನಷ್ಟವಿಲ್ಲ ಬಿಡಿ. ಅವರು ಸತ್ತರೆ ತಮ್ಮ ಅಂಕಿಗಳು ಕೆಡುವುದಿಲ್ಲ. ತಮ್ಮ ಲೆಕ್ಕದಿಂದ ಅವರನ್ನು ಆಗಲೇ ತೆಗೆದಾಗಿದೆ.

ಇಂತಿ,
ಡಾಕ್ಟರೇಟಿನ ಆಸೆಯನ್ನೂ ಈ ಪತ್ರದ ಜೊತೆಗೇ ಅಂಚೆಗೆ ಹಾಕಿದ
ತಮ್ಮ ಸಂಶೋಧನಾ ವಿದ್ಯಾರ್ಥಿನಿ