ನಾಲ್ಕು ಗಂಟೆಗೆ ಬರುತ್ತಿದ್ದವರು

ಹಾರ್ಟ್‌ವೆಲ್ ಮಿಲ್ಸ್, ಮೆಸಚೂಸೆಟ್ಸ್
೬ ಮಾರ್ಚ್ ೧೯೨೧, ಭಾನುವಾರ

ಪ್ರೀತಿಯ ಅಡೆಲಾ,

ನಿನ್ನ ಕೆಮ್ಮು ಈಗ ಹೇಗಿದೆ? ಕಾಲಿನ ಬಾವು ಇಳಿಯಿತೇ? ಅಪ್ಪನ ಮಣ್ಣಿಗೆ ಬರಲಾಗಲಿಲ್ಲವೆಂದು ಕೊರಗಬೇಡ ಕಂದ. ಏಳು ತಿಂಗಳ ಬಸುರಿಯನ್ನು ಆ ಹಿಮದಲ್ಲಿ ರೈಲು ಹತ್ತಿಸಿದ್ದರೆ ಅವರೇ ಎದ್ದು ಬೈಯುತ್ತಿದ್ದರು. ನಾನು ಊಟ ಮಾಡುತ್ತಿದ್ದೇನೆ. ನೆರೆಯವರು ತಂದಿಟ್ಟ ಬೀನ್ಸ್, ಸೇಬಿನ ಪೈ ಇನ್ನೂ ಮುಗಿದಿಲ್ಲ.

ಪಾದ್ರಿಗಳು ಅಪ್ಪ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ದಿನಗಳ ಬಗ್ಗೆ ಬಹಳ ಹೊತ್ತು ಮಾತಾಡಿದರು. ಆಮೇಲಿನ ಕೆಲಸದ ಬಗ್ಗೆ ಒಂದು ಮಾತೂ ಇಲ್ಲ. ‘ಕನಸು ಕೇಳೋ ಡಾಕ್ಟರು’ ಎಂದು ನಕ್ಕ ಊರು ತಾನೇ. ನೀನಾಗ ಚಿಕ್ಕವಳು. ವಿಯೆನ್ನಾದ ಪ್ರೊಫೆಸರರ ಉಪನ್ಯಾಸ ಕೇಳಿ ಬಂದ ದಿನ ಅವರು ತಟ್ಟೆ ಮುಟ್ಟದೆ ಕೂತಿದ್ದರು. ಹುಚ್ಚಾಸ್ಪತ್ರೆಯಲ್ಲಿ ಇಷ್ಟು ವರ್ಷ ಜನರನ್ನು ತಣ್ಣೀರಿನಲ್ಲಿ ಅದ್ದಿಸಿದೆ, ಕಟ್ಟಿಹಾಕಿಸಿದೆ, ನಿನಗೇನಾಯಿತು ಎಂದು ಒಬ್ಬರನ್ನೂ ಕೇಳಲಿಲ್ಲ ಓರ್ಫಾ ಎಂದರು. ಆ ಕೆಲಸ ಬಿಟ್ಟರು, ನಲವತ್ತು ದಾಟಿದ ಮೇಲೆ ಆ ಪ್ರೊಫೆಸರರ ಪುಸ್ತಕ ಓದುವಷ್ಟು ಜರ್ಮನ್ ಕಲಿತರು, ಮುಂದಿನ ಕೋಣೆಗೆ ಆ ಹಸಿರು ಸೋಫಾ ತರಿಸಿದರು. ಬಂದವರು ಅದರ ಮೇಲೆ ಮಲಗಿ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಬೇಕು, ಇವರು ತಲೆಯ ಹಿಂದೆ ಕೂತು ಕೇಳಬೇಕು. ಕ್ಷೌರದಂಗಡಿಯಲ್ಲಿ ಆಡಿಕೊಂಡು ನಕ್ಕವರೂ ಒಬ್ಬೊಬ್ಬರಾಗಿ ಬಂದರು. ನಾನು ಬಾಗಿಲು ತೆರೆದು ಟೋಪಿ ತೆಗೆದಿಡುತ್ತಿದ್ದೆ, ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದಂತೆ ಅಡುಗೆಮನೆಯ ಬಾಗಿಲಿನಿಂದ ಕಳಿಸುತ್ತಿದ್ದೆ. ಬೀದಿಯಲ್ಲಿ ಸಿಕ್ಕರೆ ಗುರುತೇ ಇಲ್ಲದವಳಂತೆ ಹೋಗಬೇಕು. ಅವರ ವಿದ್ಯೆ ನನಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಈ ಮನೆಯಿಂದ ಒಂದು ಹೆಸರೂ ಹೊರಗೆ ಹೋಗಿಲ್ಲ ಎಂದು ಅವರು ಜಂಬದಿಂದ ಹೇಳುವಾಗ ಅದರಲ್ಲಿ ನನ್ನ ಪಾಲೂ ಇದೆ ಎಂದುಕೊಳ್ಳುತ್ತಿದ್ದೆ.

ಇನ್ನು ಹಾಗೆ ಅಂದುಕೊಳ್ಳುವಂತಿಲ್ಲ. ಮಣ್ಣು ಮುಗಿಸಿ ಬಂದವರು ಮನೆಯ ತುಂಬ ಕಾಫಿ ಕುಡಿಯುತ್ತ ನಿಂತಿದ್ದರು. ಗಡಿಯಾರ ನಾಲ್ಕು ಹೊಡೆಯಿತು, ಬಾಗಿಲು ಬಡಿದ ಸದ್ದಾಯಿತು. ಹೋಗಿ ತೆರೆದೆ. ಶಾಲೆಯಲ್ಲಿ ಲೆಕ್ಕ ಕಲಿಸುವ ಎಜ್ರಾ ಪೆಲ್, ನಾಲ್ಕು ಗಂಟೆ ಅವನದೇ ಸರದಿಯ ಹೊತ್ತು. ಮೊದಮೊದಲು ಬೀದಿಯ ಎರಡೂ ಕಡೆ ನೋಡಿಕೊಂಡೇ ಒಳಗೆ ಬರುತ್ತಿದ್ದ ಮನುಷ್ಯ, ಈಚೆಗೆ ಶಿಳ್ಳೆ ಹಾಕುತ್ತ ಹೋಗುವಷ್ಟಾಗಿದ್ದ. ಪಾಪ, ಎಲ್ಲರಂತೆ ಸಾಂತ್ವನ ಹೇಳಿ ಹೋಗಲು ಬಂದಿದ್ದ. ನಾನು ಅಭ್ಯಾಸಬಲದಿಂದ ಟೋಪಿ ತೆಗೆದುಕೊಂಡು, “ಒಳಗೆ ಹೋಗಿ ಮಲಕ್ಕೊಳ್ಳಿ ಮಿಸ್ಟರ್ ಪೆಲ್, ಡಾಕ್ಟರು ಈಗ ಬರ್ತಾರೆ” ಅಂದುಬಿಟ್ಟೆ. ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಶಾಲಾ ಸಮಿತಿಯ ಮಿಸೆಸ್ ಟ್ರಾಸ್ಕ್ ಬಾಗಿಲ ಪಕ್ಕದಲ್ಲೇ ಇದ್ದರು. ಅಪ್ಪನನ್ನು ಹೂತು ಇನ್ನೂ ಒಂದು ಗಂಟೆಯಾಗಿರಲಿಲ್ಲ.

ಹುಚ್ಚರ ಡಾಕ್ಟರ ಹತ್ತಿರ ಹೋಗುವವನ ಕೈಗೆ ಮಕ್ಕಳನ್ನು ಕೊಡುವುದು ಹೇಗೆ ಎಂದು ಮರುದಿನವೇ ಮಾತು ಶುರುವಾಯಿತು. ತಿಂಗಳ ಕೊನೆಗೆ ಸಮಿತಿ ಸೇರಿ ಅವನನ್ನು ಇಟ್ಟುಕೊಳ್ಳಬೇಕೋ ಬೇಡವೋ ತೀರ್ಮಾನಿಸುತ್ತದೆ. ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಬಯ್ಯಲಿಲ್ಲ. “ನನಗೆ ಬೇರೆ ಕೆಲಸ ಬರೋದಿಲ್ಲ ಮಿಸೆಸ್ ಹ್ಯಾಡ್ಲಕ್” ಎಂದಷ್ಟೇ ಹೇಳಿದ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಕೋಟು ಹಾಕಿಕೊಂಡು ನೇರ ಟ್ರಾಸ್ಕ್ ಮನೆಗೆ ಹೋದೆ. ಪೆಲ್ ಡಾಕ್ಟರ ಹತ್ತಿರ ಬರುತ್ತಿದ್ದವರಲ್ಲ, ನನಗೆ ಓದು ಬರಹ ಕಲಿಸಲು ಬರುತ್ತಿದ್ದರು, ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆಯಾಗಿ ಗುಟ್ಟು ಮಾಡಿದೆ ಎಂದೆ. ಹದಿನಾರನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿರುವವಳು ನಾನು!

“ಮತ್ತೆ ಮಲಕ್ಕೊಳ್ಳಿ ಅಂದಿದ್ದು?” ಎಂದು ಮಿಸೆಸ್ ಟ್ರಾಸ್ಕ್ ಕೇಳಿದರು.

“ಅವತ್ತು ಪಾದ್ರಿಗಳು ಬಂದಿದ್ರೂ ಅದನ್ನೇ ಅಂತಿದ್ದೆ ಕಣ್ರೀ, ತಲೆ ನೆಟ್ಟಗಿರಲಿಲ್ಲ.”

ಆಕೆ ನಕ್ಕುಬಿಟ್ಟರು. ಕೈ ಹಿಡಿದುಕೊಂಡು, “ನನಗೆ ಯಾವಾಗ್ಲೋ ಅನಿಸಿತ್ತು ಬಿಡಿ. ನಿಮ್ಮ ಮನೆಯಿಂದ ಊರವರಿಗೆ ಬರ್ತಿದ್ದ ಕಾಗದ ಎಲ್ಲಾ ಡಾಕ್ಟರ ಅಕ್ಷರದಲ್ಲೇ ಇರ್ತಿತ್ತಲ್ಲ” ಅಂದರು. ಎಷ್ಟು ಸಲೀಸಾಗಿ ನಂಬಿದರು ಅಡೆಲಾ. ದಾರಿಯುದ್ದಕ್ಕೂ ಅದೇ ಕೊರೆಯುತ್ತಿತ್ತು. ಮಾಡಿದ ತಪ್ಪಿಗಿಂತ ಅದು ಹೆಚ್ಚು ನೋಯಿಸಿತಲ್ಲ ಎಂದು ಆಮೇಲೆ ಇನ್ನಷ್ಟು ನಾಚಿಕೆಯಾಯಿತು.

ಮೈ ಬೆಚ್ಚಗಿಟ್ಟುಕೋ, ಭಾರ ಎತ್ತಬೇಡ. ಹೆರಿಗೆ ಸಲೀಸಾಗಲೆಂದು ದೇವರಲ್ಲಿ ಬೇಡುತ್ತೇನೆ. ಅಳಿಯ ರೂಫಸ್‌ಗೆ ನನ್ನ ಆಶೀರ್ವಾದ ಹೇಳು.

ನಿನ್ನ ಅಮ್ಮ,
ಓರ್ಫಾ ಹ್ಯಾಡ್ಲಕ್

ತಾ.ಕ.: ಹೇಳಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ಶುಕ್ರವಾರ ಮಿಸೆಸ್ ಟ್ರಾಸ್ಕ್ ಫಿಲಡೆಲ್ಫಿಯಾಕ್ಕೆ ಬರುತ್ತಾರೆ. ನಿನ್ನ ಅತ್ತೆ ಅವರ ಹಳೆಯ ಗೆಳತಿಯಂತೆ, ನಿಮ್ಮಲ್ಲೇ ಚಹಾ. ನನ್ನ ಮಾತು ನಿಜವೇ ಎಂದು ಮಿಸೆಸ್ ಟ್ರಾಸ್ಕ್ ನಿನ್ನನ್ನು ಕೇಳದೆ ಬಿಡುವುದಿಲ್ಲ. ಮದುವೆಗೆ ಮುಂಚೆ ನಾನು ಟೀಚರಾಗಿದ್ದೆ ಎಂದು ನೀನು ಅತ್ತೆಗೆ ಹೇಳಿರುವುದು ನನಗೆ ಗೊತ್ತು. ನಿನ್ನ ಮದುವೆಯ ದಿನ ಅವರು ಯಾವ ತರಗತಿಗೆ ಕಲಿಸುತ್ತಿದ್ದಿರಿ ಎಂದು ಕೇಳಿದಾಗ, ಚಿಕ್ಕ ಮಕ್ಕಳಿಗೆ ಎಂದಿದ್ದೆ. ನನಗೆ ಬೇಜಾರಿಲ್ಲ. ಆದರೆ ಶುಕ್ರವಾರ ನೀನು ಅವರಿಬ್ಬರ ಎದುರಿಗೇ ಹೇಳಬೇಕು: ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು, ಬರೆಯಲು ಬರುತ್ತಿರಲಿಲ್ಲ, ಈಗ ಪೆಲ್ ಕಲಿಸಿದ್ದಾರೆ ಎಂದು. ಬಟ್ಟೆ ಒಗೆದ ಅರ್ಧ ನಿಜವೇ ಅಲ್ಲವೇ. ಬಾಯಿಂದ ಹೊರಡುವವರೆಗೆ ಕಷ್ಟ, ನಾನು ಹೇಳಿ ನೋಡಿದ್ದೇನೆ. ಓದಿದ ಕೂಡಲೇ ಇದನ್ನು ಒಲೆಗೆ ಹಾಕು, ಹಳೆಯ ಕಾಗದಗಳನ್ನೂ. ಬರೆಯಲು ಬಾರದವಳ ಅಕ್ಷರ ನಿನ್ನ ಮನೆಯಲ್ಲಿ ಸಿಗಬಾರದು.